ಹಸಿರಂಚಿನ ಪಾತ್ರೆ

ಆ ಅಡಿಗೆಮನೆಯಲ್ಲಿ ಒಂದು ಮೊಟ್ಟೆ ಇಡಲೂ ಜಾಗ ಇರಲಿಲ್ಲ. ಇಟ್ಟರೆ ಉರುಳಿ ಯಾವುದೋ ಡಬ್ಬಿಯ ಹಿಂದೆ ಸೇರುತ್ತಿತ್ತು, ವಾಸನೆ ಬಂದ ಮೇಲೆಯೇ ಸಿಗುತ್ತಿತ್ತು. ಹಾಗೆ ಒಂದು ಸಲ ಆಗಿಯೂ ಇತ್ತು.

ಯಹಾಯ್ರಾ ಗಂಡನ ಜೊತೆ ಬನೀ ಊರಿನ ಅತ್ತೆಮನೆಗೆ ಬಂದದ್ದು ಜನವರಿಯಲ್ಲಿ, ಮೂರು ರಾಜರ ಹಬ್ಬ ಮುಗಿದ ವಾರ. ರಾಜಧಾನಿಯಲ್ಲಿ ಬಾಡಿಗೆ ಏರಿತ್ತು. ಇಲ್ಲಿ ಮಾವ ಲಿಸಾಂದ್ರೋ ತೀರಿಕೊಂಡು ಆಗಲೇ ವರ್ಷವಾಗಿತ್ತು, ಅತ್ತೆ ಸುನಿಲ್ಡಾ ಒಬ್ಬಳೇ ಇದ್ದಳು. ವಿಲ್ಕಿನ್ ಏ.ಸಿ. ರಿಪೇರಿಯವನು, ಅವನಿಗೆ ಯಾವ ಊರಾದರೂ ಒಂದೇ. ಯಹಾಯ್ರಾಳಿಗೆ ಮಾತ್ರ ಕೆಲಸ ಬೇಕಿತ್ತು. ಪೇಟೆಯ ಬ್ಯೂಟಿ ಪಾರ್ಲರಿನ ಹುಡುಗಿಯರಿಗೆ, ಔಷಧಿ ಅಂಗಡಿಯವರಿಗೆ ಮಧ್ಯಾಹ್ನದ ಊಟ ಕಟ್ಟಿಕೊಡುತ್ತೇನೆ ಎಂದು ಮಾತಾಡಿಕೊಂಡು ಬಂದಳು. ಅನ್ನ, ಕಾಳು, ಕೋಳಿ, ಒಂದಿಷ್ಟು ಹಸಿ ತರಕಾರಿ. ಕೆಲಸ ಸಿಕ್ಕಿತು. ಜಾಗ ಸಿಗಲಿಲ್ಲ.

ಓವನ್ ಹಚ್ಚಬೇಕೆಂದರೆ ಮೊದಲು ಅದರೊಳಗೆ ತುರುಕಿದ ಬಾಣಲೆಗಳನ್ನೆಲ್ಲ ನೆಲಕ್ಕೆ ಇಳಿಸಬೇಕು. ಫ್ರಿಜ್ಜಿನ ಮೇಲೆ ಖಾಲಿ ಬಾಟಲಿಗಳ ಸಾಲು. ಬಾಗಿಲ ಹಿಂದೆ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಪ್ಲಾಸ್ಟಿಕ್ ಚೀಲಗಳು. ಸಿಂಕಿನ ಪಕ್ಕದ ಕೆಳಗಿನ ಕಪಾಟಿನಲ್ಲಂತೂ ಒಂದಕ್ಕೊಂದು ಸಂಬಂಧವಿಲ್ಲದ ಡಬ್ಬಿ ಬೋಗುಣಿಗಳು: ಬೆಣ್ಣೆ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಮುಚ್ಚಳ ಒಡೆದ ಗಾಜಿನದು, ಅಂಚು ಸವೆದ ಸ್ಟೀಲಿನದು. ಎಲ್ಲದರ ಹಿಂದೆ ಒಂದು ಬಿಳಿ ಎನಾಮಲ್ ಪಾತ್ರೆ, ಹಸಿರು ಅಂಚು, ಹೊಟ್ಟೆಯ ಮೇಲೆ ಬಣ್ಣ ಎದ್ದ ಕಪ್ಪು ಕಲೆಗಳು.

"ದೋನ್ಯ ಸುನಿಲ್ಡಾ, ಇವೆಲ್ಲ ಯಾಕೆ ಇಟ್ಕೊಂಡಿದ್ದೀರಿ?" ಎಂದು ಯಹಾಯ್ರಾ ಒಂದು ದಿನ ಕೇಳಿದ್ದಳು. ಹಿರಿಯ ಹೆಂಗಸರನ್ನು ಅಲ್ಲಿ ಗೌರವದಿಂದ ದೋನ್ಯ ಎಂದೇ ಕರೆಯುವುದು.

"ಅವು ನಮ್ಮವಲ್ಲ ಮಗಳೇ. ಜನರದ್ದು."

"ಜನರದ್ದಾದ್ರೆ ಜನರ ಮನೇಲಿ ಇರ್ಬೇಕಲ್ಲ?"

"ಹೋಗ್ತಾವೆ. ಅವಕ್ಕೂ ಒಂದು ಕಾಲ ಇದೆ."

ಯಹಾಯ್ರಾ ಮುಂದೆ ಕೇಳಲಿಲ್ಲ. ಕೇಳಿದ್ದರೆ ಅತ್ತೆ ಹೇಳುತ್ತಿದ್ದಳೋ ಏನೋ. ಅನ್ನ ಒಲೆಯ ಮೇಲಿತ್ತು, ಪಾರ್ಲರಿನವರು ಫೋನ್ ಮಾಡುತ್ತಿದ್ದರು.

ಫೆಬ್ರವರಿಯಲ್ಲಿ ಸುನಿಲ್ಡಾಳ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳಲು ಅವಳು ಅಸುವಾ ಊರಿಗೆ ಹೋದಳು. ಅವಳ ಬಸ್ಸು ಬೀದಿ ತಿರುಗುವ ಮೊದಲೇ ಯಹಾಯ್ರಾ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಫೋನಿನಲ್ಲಿ ಕೊಲಂಬಿಯಾದ ಒಬ್ಬಳು ಅಡಿಗೆಮನೆ ಜೋಡಿಸುವುದನ್ನು ಹೇಳಿಕೊಡುತ್ತಿದ್ದಳು. ಎಲ್ಲವನ್ನೂ ಹೊರಗೆ ತೆಗೆಯಿರಿ. ವರ್ಷದಲ್ಲಿ ಒಮ್ಮೆಯೂ ಮುಟ್ಟದ್ದು ನಿಮ್ಮದಲ್ಲ.

"ಇದನ್ನೆಲ್ಲ ಎಸೀಲಾ?" ಎಂದು ಗಂಡನನ್ನು ಕೇಳಿದಳು.

ವಿಲ್ಕಿನ್ ಕರಿದ ಸಲಾಮಿ ಮಾಂಸದ ಜೊತೆ ಜಜ್ಜಿದ ಬಾಳೆಕಾಯಿ ತಿನ್ನುತ್ತಿದ್ದ. ತಟ್ಟೆ ಇಡಲು ಜಾಗವಿಲ್ಲದೆ ಕೈಯಲ್ಲೇ ಹಿಡಿದಿದ್ದ. "ಎಸಿ, ಎಸಿ. ಅಮ್ಮ ಕೇಳಿದ್ರೆ ಇಲಿ ಬಂದಿತ್ತು ಅನ್ನು."

"ಬೈದ್ರೆ?"

"ಒಂದು ದಿನ ಬೈತಾಳೆ. ಮಾರನೇ ದಿನ ಬಂದವರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತಾಳೆ ನೋಡು."

ಪ್ಲಾಸ್ಟಿಕ್ಕೆಲ್ಲ ಕಸದ ಲಾರಿಗೆ ಹೋಯಿತು. ಕಬ್ಬಿಣ, ಅಲ್ಯುಮಿನಿಯಂ ಅಂಗಳದಲ್ಲಿ ಗುಡ್ಡೆಯಾಯಿತು. ಹಳೇ ಫ್ಯಾನು, ಹಳೇ ಒಲೆ, ಹಳೇ ಕಬ್ಬಿಣ ಎಂದು ಮೈಕಿನಲ್ಲಿ ಕೂಗಿಕೊಂಡು ಗುಜರಿ ಗಾಡಿ ಬಂದಾಗ ಯಹಾಯ್ರಾ ಗೇಟು ತೆರೆದಳು. ಗಾಡಿಯವನು ಹಸಿರಂಚಿನ ಪಾತ್ರೆಯನ್ನು ಬೋರಲು ಮಾಡಿ ನೋಡಿದ. ತಳದಲ್ಲಿ ಬೆಳ್ಳಿ ನಾಣ್ಯದಂಥ ಒಂದು ಬೆಸುಗೆ.

"ತೇಪೆ ಹಾಕಿದ್ದು," ಎಂದ. "ಇದಕ್ಕೇನೂ ಬರಲ್ಲ."

"ಸುಮ್ನೆ ತಗೊಂಡು ಹೋಗಪ್ಪ."

ಬಂದ ದುಡ್ಡಿಗೆ ತನ್ನದೂ ಸೇರಿಸಿ ಯಹಾಯ್ರಾ ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳನ್ನು ತಂದಳು. ಅಕ್ಕಿ, ಸಕ್ಕರೆ, ಕೆಂಪು ಕಾಳು, ಕಾಫಿ ಎಂದು ಚೀಟಿ ಅಂಟಿಸಿದಳು. ಕಪಾಟಿನ ಒಳಗೋಡೆಗೆ ಬಿಳಿ ಬಣ್ಣ ಬಳಿದಳು. ಮುಗಿದಾಗ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಬಾಳಿನಲ್ಲಿ ಮೊದಲ ಸಲ ಒಂದು ಅಡಿಗೆಮನೆ ತನ್ನ ಮಾತು ಕೇಳಿದಂತಿತ್ತು.

ಸುನಿಲ್ಡಾ ಒಂದು ಚೀಲ ಬಾಳೆಕಾಯಿ ಹೊತ್ತು ವಾಪಸ್ಸು ಬಂದಳು. ಚೀಲವನ್ನು ಬಾಗಿಲಲ್ಲೇ ಇಳಿಸಿದಳು.

"ಚೆನ್ನಾಗಿದೆ," ಎಂದಳು. "ಆಸ್ಪತ್ರೆ ಥರ ಇದೆ."

"ನೋಡಿ, ಓವನ್ ಖಾಲಿ!" ಯಹಾಯ್ರಾ ಬಾಗಿಲು ತೆರೆದು ತೋರಿಸಿದಳು.

ಸುನಿಲ್ಡಾ ಓವನ್ ನೋಡಿದಳು, ಡಬ್ಬಿಗಳನ್ನು ನೋಡಿದಳು, ಅಕ್ಕಿಯ ಚೀಟಿ ಓದಿ, "ಅಕ್ಕಿ ನೋಡಿದ್ರೆ ಗೊತ್ತಾಗಲ್ವಾ ಅಕ್ಕಿ ಅಂತ?" ಎಂದು ನಕ್ಕಳು ಕೂಡ. ಆಮೇಲೆ ಬಗ್ಗಿ ಸಿಂಕಿನ ಪಕ್ಕದ ಕಪಾಟು ತೆರೆದಳು. ಬಗ್ಗಿದವಳು ಏಳಲಿಲ್ಲ.

"ಹಸಿರಂಚಿನ ಪಾತ್ರೆ ಎಲ್ಲಿ?"

"ಅದಾ? ಅದು ತುಕ್ಕು ಹಿಡಿದಿತ್ತು ದೋನ್ಯ."

"ತುಕ್ಕಿನ ಮಾತು ಕೇಳಿಲ್ಲ. ಎಲ್ಲಿ ಅಂದೆ."

"ಗುಜರಿಯವರಿಗೆ ಕೊಟ್ಟೆ."

ಸುನಿಲ್ಡಾ ಮಂಡಿ ಹಿಡಿದು ಎದ್ದಳು. "ನಾನು ನಿನಗೆ ಹೇಳಿದ್ದೆ. ನಮ್ಮದಲ್ಲ ಅಂತ ಹೇಳಿದ್ದೆ."

"ನಮ್ಮದಲ್ಲ ಅಂದ್ರಿ, ಅದಕ್ಕೇ..."

"ನಮ್ಮದಲ್ಲದ್ದನ್ನ ಮಾರೋ ಪದ್ಧತಿ ನಿಮ್ಮ ಕಡೆ ಇದೆಯಾ?"

ಸಂಜೆ ವಿಲ್ಕಿನ್ ಬಂದಾಗ ಒಲೆ ಹಚ್ಚಿರಲಿಲ್ಲ. ಅವನು ಒಂದು ಸಲ ಹೆಂಡತಿಯನ್ನು, ಒಂದು ಸಲ ತಾಯಿಯನ್ನು ನೋಡಿ ಉಪಕರಣದ ಚೀಲ ಇಳಿಸಿದ. "ಏನಮ್ಮ, ಒಂದು ತೂತು ಪಾತ್ರೆಗೆ ಇಷ್ಟೊಂದಾ?"

"ತೂತು ಇತ್ತು, ಹೌದು. ಬೆಸುಗೆ ಹಾಕಿದವರು ಯಾರು? ನಿಮ್ಮಪ್ಪ. ಈ ಅಂಗಳದಲ್ಲಿ ಕೂತು ಹಾಕಿದ್ದು. ನೀನೇ ದೀಪ ಹಿಡಿದಿದ್ದೆ."

ವಿಲ್ಕಿನ್ ಬಗ್ಗಿ ಚೀಲವನ್ನು ಗೋಡೆಗೆ ಸರಿಸಿದ. ಆಮೇಲೆ, "ನಾನೇನು ಮಾರು ಅಂದಿದ್ನಾ?" ಎಂದ.

ಯಹಾಯ್ರಾ ಅವನ ಮುಖ ನೋಡಿದಳು. "ಎಸಿ ಎಸಿ ಅಂದವರು ಯಾರು? ಪಕ್ಕದ ಮನೆಯವರಾ?"

"ಡಬ್ಬಿ ಎಸಿ ಅಂದೆ. ಬೆಲ್ಕಿಸ್ ಅಮ್ಮನ ಪಾತ್ರೆ ಅಂತ ನನಗೇನು ಗೊತ್ತು?"

ಆ ಹೆಸರನ್ನು ಯಹಾಯ್ರಾ ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಉಳಿದದ್ದನ್ನು ಮಾರನೇ ದಿನ ಪಕ್ಕದ ಮನೆಯ ಮಿರೇಯಾ ಬಟ್ಟೆ ಒಣಹಾಕುತ್ತ ಗೋಡೆಯ ಮೇಲಿಂದ ಹೇಳಿದಳು. ಸುದ್ದಿ ಆಗಲೇ ಬೀದಿ ದಾಟಿತ್ತು.

"ನನ್ನ ಐಸ್‌ಕ್ರೀಮ್ ಡಬ್ಬಿನೂ ಹೋಯ್ತಾ ಚಿನ್ನ?"

"ಹೋಯ್ತು. ಬೇರೆ ಕೊಡಿಸ್ತೀನಿ."

"ಅಯ್ಯೋ, ಡಬ್ಬಿ ಯಾರಿಗೆ ಬೇಕು! ನಿಮ್ಮತ್ತೆ ಪಾಯಸ ತುಂಬಿ ವಾಪಸ್ ಕಳಿಸ್ತಾಳಲ್ಲ, ಅದಕ್ಕೆ ನಾವು ಬಿಟ್ಟಿರೋದು. ತುಂಬಿ ಬಂದ ಪಾತ್ರೆ ಖಾಲಿ ವಾಪಸ್ ಹೋಗಬಾರದು. ವರ್ಷವಿಡೀ ಯಾರ್ಯಾರು ಏನೇನು ಕಳಿಸಿದ್ರೋ ಆ ಪಾತ್ರೆನೆಲ್ಲ ಇಟ್ಕೊಂಡು, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಕೆಂಪು ಕಾಳಿನ ಪಾಯಸ ಮಾಡಿ ಅವರವರದ್ದನ್ನ ಅವರವರಿಗೆ ತಲುಪಿಸ್ತಾಳೆ. ಹೋದ ವರ್ಷ ಸಾವಿನ ಮನೆ, ಸಿಹಿ ಮಾಡಲಿಲ್ಲ. ಅದಕ್ಕೇ ಕಪಾಟು ಅಷ್ಟು ತುಂಬಿತ್ತು."

"ಮತ್ತೆ ಆ ಬೆಲ್ಕಿಸ್?"

ಮಿರೇಯಾ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. "ನಿಮ್ಮತ್ತೆಗೆ ಕೊಮಾದ್ರೆ, ಮಗನ ದೇವತಾಯಿ. ನಿನ್ನ ಗಂಡನನ್ನ ದೀಕ್ಷಾಸ್ನಾನಕ್ಕೆ ಎತ್ಕೊಂಡವಳು. ಅವಳೂ ನಿಮ್ಮತ್ತೆನೂ ಒಂದೇ ತಟ್ಟೇಲಿ ಉಂಡು ಬೆಳೆದವರು. ಲಿಸಾಂದ್ರೋ ಮಲಗಿದಾಗ ದಿನಾ ಸೂಪು ಮಾಡಿ ಆ ಪಾತ್ರೇಲಿ ತರ್ತಿದ್ದಳು. ಡಾಕ್ಟರು ಉಪ್ಪು ಮುಟ್ಟಿಸಬೇಡಿ ಅಂದಿದ್ರು. ಉಪ್ಪಿನ ಗದ್ದೇಲಿ ದುಡಿದ ಮನುಷ್ಯ, ಸಪ್ಪೆ ಇಳಿಯುತ್ತಾ? ಬೆಲ್ಕಿಸ್ ಒಂದು ಚಿಟಿಕೆ ಹಾಕೋಳು. ನಿಮ್ಮತ್ತೆಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆಮೇಲೆ ಅವನು ಹೋದ."

"ಉಪ್ಪಿನಿಂದಾನಾ?"

"ಹೋಗೋ ಕಾಲ ಬಂದಿತ್ತು, ಹೋದ. ಒಂಬತ್ತನೇ ದಿನದ ಪ್ರಾರ್ಥನೆಗೆ ಎಲ್ಲ ಸೇರಿದ್ವಿ. ಬೆಲ್ಕಿಸ್ ಬಾಗಿಲಿಗೆ ಬಂದಳು, ನಿಮ್ಮತ್ತೆ ಎಲ್ಲರ ಮುಂದೆ, 'ನಿನ್ನ ಸೂಪೇ ಅವರನ್ನ ತಗೊಂಡು ಹೋಯ್ತು' ಅಂದುಬಿಟ್ಟಳು. ಬೆಲ್ಕಿಸ್ ಬಂದ ದಾರಿ ಹಿಡಿದಳು. ಅವತ್ತಿಂದ ಈ ಬೀದಿ ತುಳಿದಿಲ್ಲ. ಪಾತ್ರೆ ಇಲ್ಲೇ ಉಳೀತು. ಅವಳು ಕೇಳಲಿಲ್ಲ, ಇವಳು ಕೊಡಲಿಲ್ಲ. ಈ ಸಲ ಪವಿತ್ರ ಗುರುವಾರ ನಾನೇ ತಗೊಂಡು ಹೋಗ್ತೀನಿ ಅಂತಿದ್ದಳು ನಿಮ್ಮತ್ತೆ. ಬರಿ ಬಾಯಲ್ಲಿ ತಪ್ಪಾಯ್ತು ಅನ್ನೋ ಹೆಂಗಸಲ್ಲ ಅವಳು. ಕೈಲೊಂದು ಪಾತ್ರೆ ಬೇಕು."

ಯಹಾಯ್ರಾ ಅವತ್ತು ಊಟ ಕಟ್ಟಿಕೊಟ್ಟು ಗುಜರಿ ಅಂಗಡಿ ಹುಡುಕಿಕೊಂಡು ಹೋದಳು. ಊರಾಚೆ ತಗಡಿನ ಬೇಲಿಯ ಹಿಂದೆ ಫ್ರಿಜ್ಜುಗಳ ರಾಶಿ. ಗಾಡಿಯವನು ಗುರುತು ಹಿಡಿದ. "ಹೋದ ವಾರದ ಲೋಡು ಬಂದರಿಗೆ ಹೋಯ್ತಲ್ಲಮ್ಮ," ಎಂದ. "ಬೇಕಿದ್ರೆ ನೋಡಿ." ಅವಳು ನೋಡಿದಳು. ಬಿಸಿಲು ಇಳಿಯುವವರೆಗೆ ನೋಡಿದಳು. ತಗಡು ಕೈ ಕೊಯ್ದದ್ದು ಬಿಟ್ಟರೆ ಏನೂ ಸಿಗಲಿಲ್ಲ.

ಆಮೇಲಿನ ವಾರಗಳಲ್ಲಿ ಅತ್ತೆ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಒಂದು ಚಮಚ ಬೇಕಾದರೂ, "ಯಹಾಯ್ರಾ, ನಿನ್ನ ಚಮಚ ತಗೊಳ್ಳಲಾ?" ಎಂದು ಕೇಳುತ್ತಿದ್ದಳು.

"ದೋನ್ಯ, ಮನೆ ನಿಮ್ಮದು."

"ಮನೆ ನಂದು. ಅಡಿಗೆಮನೆ ಯಾರದ್ದು ಅಂತ ಗೊತ್ತಾಗ್ತಿಲ್ಲ."

ವಿಲ್ಕಿನ್ ಬೇಗ ಉಂಡು ಡೊಮಿನೊ ಆಡಲು ಮೂಲೆ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಅನ್ನದ ತಳದ ಗರಿಗರಿ ಚಕ್ಕೆಯನ್ನು ಸುನಿಲ್ಡಾ ಮೊದಲು ಸೊಸೆಯ ತಟ್ಟೆಗೆ ಎಬ್ಬಿಸಿ ಹಾಕುತ್ತಿದ್ದಳು. ಈಗ ಮೂವರಿಗೂ ಸಮನಾಗಿ ಮುರಿದು ಹಾಕುತ್ತಿದ್ದಳು. ಅಷ್ಟೇ ವ್ಯತ್ಯಾಸ. ಯಹಾಯ್ರಾ ತನ್ನ ಚೂರನ್ನು ವಿಲ್ಕಿನ್ ತಟ್ಟೆಗೆ ಸರಿಸುತ್ತಿದ್ದಳು.

ಪವಿತ್ರ ವಾರ ಬಂತು. ಸುನಿಲ್ಡಾ ಕೆಂಪು ಕಾಳು ನೆನೆಹಾಕಿದಳು.

"ಮಾಡ್ತೀರಾ?" ಎಂದಳು ಯಹಾಯ್ರಾ, ನಂಬಿಕೆ ಬಾರದೆ.

"ವರ್ಷದ ಪಾಯಸ. ಯಾರ ಮೇಲಿನ ಸಿಟ್ಟಿಗೆ ಬಿಡ್ಲಿ? ಗೆಣಸು ಹೆಚ್ಚು. ಸಣ್ಣಗಲ್ಲ, ಕರಗಿ ಹೋಗ್ತದೆ."

ಗುರುವಾರ ಬೆಳಗಿನಿಂದ ಇಬ್ಬರೂ ಒಲೆಯ ಮುಂದೆ ನಿಂತರು. ಬೆಂದ ಕಾಳು ರುಬ್ಬಿ ಸೋಸಿದರು. ತೆಂಗಿನ ಹಾಲು, ಗಟ್ಟಿ ಹಾಲು, ಸಕ್ಕರೆ, ದಾಲ್ಚಿನ್ನಿ, ಲವಂಗ, ಒಣದ್ರಾಕ್ಷಿ ಬಿದ್ದವು. ತಿರುವಿ ತಿರುವಿ ಯಹಾಯ್ರಾಳ ತೋಳು ನೋಯಿತು.

"ಕೈ ನಿಲ್ಲಿಸಬೇಡ, ತಳ ಹಿಡೀತದೆ."

"ಉಪ್ಪು ಹಾಕ್ಬೇಕಾ ದೋನ್ಯ?"

ಸುನಿಲ್ಡಾ ಉಪ್ಪಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಒಂದು ಚಿಟಿಕೆ ಹಾಕ್ಲೇಬೇಕು," ಎಂದಳು. "ಇಲ್ಲಾಂದ್ರೆ ಸಿಹಿ ಸಿಹಿ ಅನ್ನಿಸಲ್ಲ."

ಹಂಚಲು ವಿಲ್ಕಿನ್ ಮೂಲೆ ಅಂಗಡಿಯಿಂದ ಥರ್ಮಾಕೋಲ್ ಲೋಟಗಳ ಕಟ್ಟು ತಂದ. ಸುನಿಲ್ಡಾ ಒಂದು ಲೋಟವನ್ನು ಬೆರಳಲ್ಲಿ ಒತ್ತಿ ನೋಡಿದಳು. "ಹುಟ್ಟಿದ ಹಬ್ಬದ ಥರ," ಎಂದಳು. ಮೇಲೆ ಶಿಲುಬೆ ಗುರುತಿನ ಪುಟ್ಟ ಬಿಸ್ಕತ್ತು ಇಟ್ಟು ಬೀದಿಗೆಲ್ಲ ಕಳಿಸಿದಳು. ಜನ ಸಂತೋಷದಿಂದಲೇ ತಗೊಂಡರು. ಕುಡಿದು ಲೋಟ ಎಸೆದರು. ಎಸೆದ ಲೋಟ ಯಾರೂ ತುಂಬಿ ವಾಪಸ್ಸು ಕಳಿಸುವುದಿಲ್ಲ ಎಂಬುದು ಯಹಾಯ್ರಾಳಿಗೆ ಹೊಳೆದದ್ದು ಆಮೇಲೆ.

ಹಂಚಿ ಮುಗಿದ ಮೇಲೆ ಸುನಿಲ್ಡಾ ತಲೆ ನೋಯುತ್ತಿದೆ ಎಂದು ಕೋಣೆಗೆ ಹೋದಳು. ದೊಡ್ಡ ಪಾತ್ರೆಯ ತಳದಲ್ಲಿ ಇನ್ನೂ ಒಂದಿಷ್ಟು ಇತ್ತು. ಯಹಾಯ್ರಾ ತನ್ನ ಮಂಚದ ಕೆಳಗಿಂದ ಒಂದು ಎನಾಮಲ್ ಪಾತ್ರೆ ಹೊರಗೆಳೆದಳು. ಪೇಟೆಯಲ್ಲೆಲ್ಲ ಅಲೆದು ಕೊಂಡದ್ದು: ಬಿಳಿ ಮೈ, ಹಸಿರು ಅಂಚು. ತುಂಬಿದಳು, ಬಿಸ್ಕತ್ತು ಹಾಕಿದಳು, ಮುಚ್ಚಿದಳು. ಗಂಡನಿಗೂ ಹೇಳದೆ ಹಿಂದಿನ ಬೀದಿಗೆ ನಡೆದಳು. ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತೇನೆ ಎಂದು ಅವಳ ಲೆಕ್ಕ.

ಬೆಲ್ಕಿಸ್ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕಾಳು ಬಿಡಿಸುತ್ತಿದ್ದಳು. ತೆಳ್ಳನೆ ಹೆಂಗಸು, ಕೂದಲಿಗೆ ರೋಲರ್ ಸುತ್ತಿದ್ದಳು.

"ಯಾರು?"

"ಯಹಾಯ್ರಾ. ವಿಲ್ಕಿನ್ ಹೆಂಡತಿ."

"ಓ. ನನ್ನ ದೇವಮಗನ ಹೆಂಡ್ತಿ ಹೀಗಿದ್ದಾಳಾ." ಅವಳ ಕಣ್ಣು ಪಾತ್ರೆಯ ಮೇಲೆ ಬಿತ್ತು. ಮೊರ ಕೆಳಗಿಟ್ಟಳು. ಒಂದು ಕ್ಷಣ ಆ ಮುಖ ಎಷ್ಟು ಸಡಿಲವಾಯಿತೆಂದರೆ ಯಹಾಯ್ರಾ ಗೆದ್ದೆ ಅಂದುಕೊಂಡಳು. ಬೆಲ್ಕಿಸ್ ಪಾತ್ರೆ ತಗೊಂಡು ಅಭ್ಯಾಸಬಲದಿಂದ ತಳಕ್ಕೆ ಬೆರಳು ಆಡಿಸಿದಳು. ಬೆರಳು ಹುಡುಕಿತು. ನುಣುಪು.

"ಇದು ನಂದಲ್ಲ."

"ನಿಮ್ಮದನ್ನ ನಾನು ಗುಜರಿಗೆ ಹಾಕಿದೆ ದೋನ್ಯ. ನನಗೆ ಗೊತ್ತಿರಲಿಲ್ಲ. ತಪ್ಪು ನಂದು, ಅವರದ್ದಲ್ಲ."

ಬೆಲ್ಕಿಸ್ ನಕ್ಕಳು. ಒಳ್ಳೆಯ ನಗೆಯಲ್ಲ. "ಹುಡುಗಿ, ನಿಮ್ಮತ್ತೆನ ನಾನು ಹಲ್ಲು ಬೀಳೋ ವಯಸ್ಸಿಂದ ಬಲ್ಲೆ. ಅವಳ ಅಡಿಗೆಮನೇಲಿ ಅವಳಿಗೆ ಗೊತ್ತಿಲ್ದೆ ಒಂದು ಚಮಚ ಅಲ್ಲಾಡಲ್ಲ. ಈಗ ಸೊಸೆ ಹೆಸರು ಹೇಳಿ ಕಳಿಸಿದ್ದಾಳೆ."

"ಅವರು ಕಳಿಸಿಲ್ಲ! ನಾನೇ ಬಂದೆ. ಅವರಿಗೆ ಗೊತ್ತೇ ಇಲ್ಲ."

"ಹಾಂ. ಅವಳು ಕಳಿಸಲೂ ಇಲ್ಲ ಅನ್ನು."

ಎರಡು ಕಡೆಯ ದಾರಿಯನ್ನೂ ಯಹಾಯ್ರಾ ತಾನೇ ಮುಚ್ಚಿದ್ದಳು.

"ಹೊಸ ಪಾತ್ರೆ ಕೊಟ್ಟು ಲೆಕ್ಕ ಚುಕ್ತಾ ಮಾಡೋಕೆ ನಾನೇನು ಪಾತ್ರೆ ಅಂಗಡಿ ಇಟ್ಟಿದ್ದೀನಾ?" ಎನ್ನುತ್ತ ಬೆಲ್ಕಿಸ್ ಒಳಗೆ ಹೋದಳು. ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಪಾಯಸವನ್ನು ತನ್ನ ಬೋಗುಣಿಗೆ ಸುರಿದುಕೊಂಡಳು. ಒಂದು ಹನಿ ಚೆಲ್ಲಲಿಲ್ಲ. "ಪವಿತ್ರ ವಾರ ಬಾಗಿಲಿಗೆ ಬಂದ ಅನ್ನ ತಳ್ಳಬಾರದು, ಅದಕ್ಕೆ ತಗೊಂಡೆ," ಎಂದಳು. ಆಮೇಲೆ ನಲ್ಲಿ ಬಿಟ್ಟು ಪಾತ್ರೆಯನ್ನು ಸೋಪು ಹಾಕಿ ತೊಳೆದಳು. ಒರೆಸಿದಳು. ಮುಚ್ಚಳ ಮುಚ್ಚಿ ತಂದು ಯಹಾಯ್ರಾಳ ಕೈಗೆ ಕೊಟ್ಟಳು.

"ಇದನ್ನ ಅವಳಿಗೆ ಕೊಡು."

ಪಾತ್ರೆ ಹಗುರವಾಗಿತ್ತು.

ಯಹಾಯ್ರಾ ಮನೆ ಗೇಟಿಗೆ ಬಂದಾಗ ಸುನಿಲ್ಡಾ ಹೊಸ್ತಿಲಲ್ಲಿ ನಿಂತಿದ್ದಳು. ಚರ್ಚಿನ ಕಪ್ಪು ಬಟ್ಟೆ ಉಟ್ಟಿದ್ದಳು, ಕೂದಲು ಬಾಚಿ ಎಣ್ಣೆ ಹಚ್ಚಿದ್ದಳು. ಕಾಲಲ್ಲಿ ಒಳ್ಳೆಯ ಚಪ್ಪಲಿ. ಕೈಯಲ್ಲಿ ತನ್ನ ಅನ್ನದ ಸಣ್ಣ ಪಾತ್ರೆ, ಮೇಲೆ ಅಡಿಗೆ ಬಟ್ಟೆಯ ಗಂಟು. ಹಂಚುವ ಮೊದಲೇ ಎತ್ತಿಟ್ಟಿದ್ದಳು ಅಂತ ಕಾಣುತ್ತದೆ.

"ಯಾರದ್ದೋ ಪಾತ್ರೆ ಹೋಯ್ತು ಅಂತ ನಾನೂ ಹೋಗಬಾರದು ಅಂತಿದೆಯಾ?" ಎಂದು ಅವಳೇ ಮಾತು ತೆಗೆದಳು, ಸ್ವಲ್ಪ ನಾಚಿಕೆಯಿಂದ. "ನಂದನ್ನೇ ತಗೊಂಡು ಹೋಗ್ತೀನಿ. ಬಂದದ್ದು ಬರಲಿ. ಬಾಯಿಬಿಟ್ಟು ಹೇಳಿಬಿಡ್ತೀನಿ. ಸೂಪಿಗೆ ಚಿಟಿಕೆ ಉಪ್ಪು ಹಾಕು ಅಂತ ನಾನೇ ಹೇಳಿದ್ದು, ನಿನ್ನ ಮಾವ ಅಷ್ಟು ಅಂಗಲಾಚಿದಾಗ. ಅವಳಿಗೂ ಅದು ಗೊತ್ತು. ನಾನು ಹೇಳ್ಬೇಕು ಅಷ್ಟೇ."

ಆಮೇಲೆ ಸೊಸೆಯ ಕೈ ನೋಡಿದಳು.

"ಎಲ್ಲಿಗೆ ಹೋಗಿದ್ದೆ?"

ಯಹಾಯ್ರಾ ಹೇಳಿದಳು. ಹೇಳುವುದು ಚಿಕ್ಕದಾಗಿಯೇ ಇತ್ತು.

ಸುನಿಲ್ಡಾ ಮುಚ್ಚಳ ಎತ್ತಿದಳು. ಒಳಗೆ ನೋಡಿದಳು, ತಿರುಗಿಸಿ ತಳ ನೋಡಿದಳು. ಸೋಪಿನ ವಾಸನೆ ಬರುತ್ತಿತ್ತು.

"ಖಾಲಿ ಕಳಿಸಿದ್ದಾಳೆ," ಎಂದಳು.

"ನಾನು ಮತ್ತೆ ಹೋಗಿ ಹೇಳ್ತೀನಿ. ನೀವು ಈಗಲೂ ಹೋಗಿ ದೋನ್ಯ, ನೀವೇ ಹೋದ್ರೆ..."

"ನೀನು ಸುಮ್ನಿರು ಮಗಳೇ. ಇಷ್ಟು ಮಾಡಿದ್ದು ಸಾಕು."

ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದಾಗಿ ಚಪ್ಪಲಿ ಬಿಚ್ಚಿದಳು. ಬಟ್ಟೆಯ ಗಂಟು ಬಿಚ್ಚಲಿಲ್ಲ. "ಫ್ರಿಜ್ಜಲ್ಲಿಡು. ನಾಳೆ ವಿಲ್ಕಿನ್ ತಿಂತಾನೆ."

ಈಸ್ಟರ್ ಕಳೆಯಿತು. ಊಟದ ಕೆಲಸ ಬೆಳೆಯಿತು. ಔಷಧಿ ಅಂಗಡಿಯವರ ಜೊತೆ ಶಾಲೆಯ ಮೇಡಂಗಳೂ ಸೇರಿದರು. ಸುನಿಲ್ಡಾ ಕಾಳು ಆರಿಸಿ ಕೊಡುತ್ತಾಳೆ, ಕೋಳಿ ತೊಳೆದು ಕೊಡುತ್ತಾಳೆ, ಮಾತೂ ಆಡುತ್ತಾಳೆ. ಮಿರೇಯಾ ಈಗಲೂ ಗೋಡೆಯ ಮೇಲಿಂದ ಏನಾದರೂ ಕೊಡುತ್ತಾಳೆ, ಆದರೆ ಥರ್ಮಾಕೋಲ್ ತಟ್ಟೆಯಲ್ಲಿ. "ವಾಪಸ್ ಕೊಡೋ ತಾಪತ್ರಯ ಬೇಡ ಚಿನ್ನ," ಎನ್ನುತ್ತಾಳೆ.

ಒಂದು ಬೆಳಿಗ್ಗೆ ಹಸಿರಂಚಿನ ಹೊಸ ಪಾತ್ರೆ ಒಲೆಯ ಪಕ್ಕ ಅನಾಥವಾಗಿ ಕೂತಿರುವುದನ್ನು ನೋಡಿ ಯಹಾಯ್ರಾ ಕೇಳಿದಳು: "ಇದನ್ನೇನು ಮಾಡ್ಲಿ ದೋನ್ಯ?"

"ಕಪಾಟಲ್ಲಿಡು."

"ಯಾವುದರಲ್ಲಿ?"

"ಯಾವುದ್ರಲ್ಲಾದ್ರೂ ಇಡು. ನಮ್ಮದೇ ತಾನೇ. ಬೇರೆಯವರದ್ದು ಈ ಮನೇಲಿ ಈಗ ಏನೂ ಇಲ್ಲ."

ಯಹಾಯ್ರಾ ಬಗ್ಗಿ ಸಿಂಕಿನ ಪಕ್ಕದ ಕಪಾಟು ತೆರೆದಳು. ಬಳಿದ ಬಿಳಿ ಬಣ್ಣ ಇನ್ನೂ ಮಾಸಿರಲಿಲ್ಲ. ಪಾತ್ರೆಯನ್ನು ನಡುವೆ ಇಟ್ಟಳು. ಜಾಗಕ್ಕೇನೂ ಕೊರತೆ ಇರಲಿಲ್ಲ.